ಅತಿಥಿಗಳನ್ನು ಮತ್ತೆ ಕರೆಯುವುದು ಯಾವಾಗ? ಹೆಲೀನ್ ಚಂಡಮಾರುತದ ನಂತರದ ಆಶ್‌ವಿಲ್ ಕುರಿತ ಅಧ್ಯಯನ ಟಿಪ್ಪಣಿ

ಚಂಡಮಾರುತ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕರಾವಳಿ. ಆದರೆ 2024ರ ಸೆಪ್ಟೆಂಬರ್ 26ರ ರಾತ್ರಿ ಫ್ಲಾರಿಡಾದ ಪೆರ್ರಿ ಪಟ್ಟಣದ ಸಮೀಪ, ಗಂಟೆಗೆ ಸುಮಾರು 225 ಕಿ.ಮೀ. ವೇಗದ ಗಾಳಿಯೊಂದಿಗೆ ನೆಲ ಮುಟ್ಟಿದ ಹೆಲೀನ್ ಚಂಡಮಾರುತ ಹೆಚ್ಚು ಜೀವಗಳನ್ನು ತೆಗೆದದ್ದು ಫ್ಲಾರಿಡಾದಲ್ಲಲ್ಲ. ಅಲ್ಲಿಂದ ಸುಮಾರು 600 ಕಿ.ಮೀ. ಉತ್ತರಕ್ಕೆ, ಅಪಲೇಚಿಯನ್ ಪರ್ವತಗಳು ಹಾದುಹೋಗುವ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಜನ ಆ ರಾಜ್ಯದ ಪಶ್ಚಿಮದ ಬೆಟ್ಟ ಪ್ರದೇಶದವರು. ಆಶ್‌ವಿಲ್ ನಗರ ಮತ್ತು ಅದರ ಸುತ್ತಲಿನ ಚಿಮ್ನಿ ರಾಕ್, ಲೇಕ್ ಲ್ಯೂರ್, ಮಾರ್ಷಲ್, ಹಾಟ್ ಸ್ಪ್ರಿಂಗ್ಸ್‌ನಂತಹ ಸಣ್ಣ ಊರುಗಳು ಪ್ರವಾಸಿಗರನ್ನು ನಂಬಿ ಬದುಕುವಂಥವು. ಇಂತಹ ಊರು ಚೇತರಿಸಿಕೊಳ್ಳುವಾಗ ಎದುರಾಗುವ ಒಂದು ವಿಚಿತ್ರ ಇಕ್ಕಟ್ಟನ್ನು ಈ ಟಿಪ್ಪಣಿಯಲ್ಲಿ ಬಿಡಿಸಿ ನೋಡೋಣ: ಅತಿಥಿ ಬಾರದೆ ಊರಿಗೆ ಹಣವಿಲ್ಲ, ಊರು ಸರಿಯಾಗದೆ ಅತಿಥಿಯನ್ನು ಕರೆಯುವಂತಿಲ್ಲ.

ಮಳೆ, ಇಳಿಜಾರು, ಕಣಿವೆ

ಪರ್ವತ ಪ್ರದೇಶದ ಹಾನಿ ಕರಾವಳಿಯ ಹಾನಿಗಿಂತ ಹೇಗೆ ಬೇರೆ ಎಂಬುದು ತಿಳಿಯದಿದ್ದರೆ ಮುಂದಿನ ಯಾವ ಮಾತೂ ಸ್ಪಷ್ಟವಾಗುವುದಿಲ್ಲ. ಹೆಲೀನ್ ಬರುವುದಕ್ಕೆ ಮೊದಲೇ, ಅದರ ಮುಂದೆ ಹರಿದು ಬಂದ ತೇವಾಂಶ ಬೆಟ್ಟಗಳ ಮೇಲೆ ಭಾರಿ ಮಳೆ ಸುರಿಸಿ ಮಣ್ಣನ್ನು ನೀರು ಕುಡಿದು ತುಂಬಿದ ಸ್ಥಿತಿಗೆ ತಂದಿತ್ತು. ಬಳಿಕ ಬಂದ ಚಂಡಮಾರುತದ ಒದ್ದೆ ಗಾಳಿ ಬ್ಲೂ ರಿಡ್ಜ್ ಶ್ರೇಣಿಯನ್ನು ಏರುತ್ತಾ ತಣಿದು ಮತ್ತೆ ಸುರಿಯಿತು. ಅರಬ್ಬಿ ಸಮುದ್ರದ ಗಾಳಿ ಘಟ್ಟ ಹತ್ತುವಾಗ ಆಗುಂಬೆಯಲ್ಲಿ ನಡೆಯುವುದೂ ಇದೇ ಕ್ರಿಯೆ. ವ್ಯತ್ಯಾಸವೆಂದರೆ ಆಗುಂಬೆಯ ಹಳ್ಳಕೊಳ್ಳಗಳು ಪ್ರತಿ ವರ್ಷ ಅಷ್ಟು ನೀರನ್ನು ಹೊತ್ತು ಅಭ್ಯಾಸವಾಗಿರುವಂಥವು, ಅಲ್ಲಿನವು ಅಲ್ಲ. ಬ್ಯೂಸಿಕ್ ಎಂಬಲ್ಲಿ ಮೂರು ದಿನಗಳಲ್ಲಿ ಸುಮಾರು 780 ಮಿ.ಮೀ., ಮೌಂಟ್ ಮಿಚೆಲ್ ಶಿಖರದಲ್ಲಿ ಸುಮಾರು 620 ಮಿ.ಮೀ. ಮಳೆಯಾಯಿತು.

ಆಶ್‌ವಿಲ್‌ನಲ್ಲಿ ನೆರೆಯ ಅಳತೆಗೋಲು 1916ರ ಜುಲೈ ತಿಂಗಳ ಪ್ರವಾಹವಾಗಿತ್ತು. ತಲೆಮಾರುಗಳಿಂದ ಅದಕ್ಕಿಂತ ದೊಡ್ಡದನ್ನು ಯಾರೂ ಊಹಿಸಿರಲಿಲ್ಲ. ಬಿಲ್ಟ್‌ಮೋರ್ ಬಳಿ ಸ್ವಾನನೋವಾ ನದಿ ಈ ಸಲ 26.1 ಅಡಿಗೆ ಏರಿತು, ಅಂದರೆ 1916ರ ಮಟ್ಟಕ್ಕಿಂತ ಐದು ಅಡಿಗೂ ಹೆಚ್ಚು. ಫ್ರೆಂಚ್ ಬ್ರಾಡ್ ನದಿಯೂ ತನ್ನ ಹಳೆಯ ದಾಖಲೆಯನ್ನು ದಾಟಿತು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ ಆ ಪ್ರದೇಶದಲ್ಲಿ ಗುರುತಿಸಿದ ಭೂಕುಸಿತಗಳು ಸುಮಾರು 2,000. ದೇಶದ ಹವಾಮಾನ ದಾಖಲೆಗಳನ್ನೆಲ್ಲ ಕಾಪಿಡುವ ಸರ್ಕಾರಿ ಕೇಂದ್ರದ ಮುಖ್ಯ ಕಚೇರಿ ಇರುವುದೂ ಇದೇ ಆಶ್‌ವಿಲ್‌ನಲ್ಲಿ ಎಂಬುದನ್ನು, ಹವಾಮಾನ ಬದಲಾವಣೆಯಿಂದ ತಪ್ಪಿಸಿಕೊಳ್ಳಲು ಸುರಕ್ಷಿತ ತಾಣವೆಂದು ಈ ಊರನ್ನು ಹಲವರು ಹೊಗಳುತ್ತಿದ್ದರು ಎಂಬುದನ್ನು ಇಲ್ಲಿ ನೆನಪಿಡಬೇಕು.

ಬೆಟ್ಟದೂರಿನಲ್ಲಿ ಸಮತಟ್ಟಾದ ನೆಲ ಸಿಗುವುದು ನದಿಯ ಪಕ್ಕದಲ್ಲಿ ಮಾತ್ರ. ಆದ್ದರಿಂದ ಹೆದ್ದಾರಿ, ರೈಲು ಹಳಿ, ನೀರಿನ ಕೊಳವೆ, ವಿದ್ಯುತ್ ಕಂಬ, ಅಂಗಡಿ ಬೀದಿ ಎಲ್ಲವೂ ಆ ಒಂದೇ ಕಿರಿದಾದ ಪಟ್ಟಿಯ ಮೇಲೆ ಕೂತಿರುತ್ತವೆ; ನದಿ ಆ ಪಟ್ಟಿಯನ್ನು ತೆಗೆದುಕೊಂಡಾಗ ಎಲ್ಲವನ್ನೂ ಒಂದೇ ಸಲಕ್ಕೆ ತೆಗೆದುಕೊಳ್ಳುತ್ತದೆ, ಮತ್ತು ಬಯಲು ಸೀಮೆಯಲ್ಲಿ ಇರುವಂತೆ ಸುತ್ತಿ ಹೋಗಲು ಇನ್ನೊಂದು ದಾರಿ ಇರುವುದಿಲ್ಲ. ಟೆನೆಸಿ ರಾಜ್ಯದ ಕಡೆಗೆ ಹೋಗುವ ಅಂತರರಾಜ್ಯ ಹೆದ್ದಾರಿ 40 ಪಿಜನ್ ನದಿಯ ಕಂದರದಲ್ಲಿ ಕೊಚ್ಚಿಹೋಗಿ, 2025ರ ಮಾರ್ಚ್ 1ರಂದು ಒಂದೊಂದು ದಿಕ್ಕಿಗೆ ಒಂದೊಂದೇ ಪಥ ತೆರೆಯುವವರೆಗೆ ಐದು ತಿಂಗಳು ಮುಚ್ಚಿಯೇ ಇತ್ತು. ಕೆಲವು ಒಳಕಣಿವೆಗಳಿಗೆ ಮೊದಲ ದಿನಗಳಲ್ಲಿ ಆಹಾರ, ಔಷಧ ತಲುಪಿದ್ದು ಹೆಲಿಕಾಪ್ಟರ್ ಮತ್ತು ಹೇಸರಗತ್ತೆಗಳ ಮೂಲಕ.

‘ಬರಬೇಡಿ’ ಎಂದು ಹೇಳಬೇಕಾದ ತಿಂಗಳು

ಅಕ್ಟೋಬರ್ ಅಲ್ಲಿ ಎಲೆಗಳು ಕೆಂಪಾಗುವ ಕಾಲ. 755 ಕಿ.ಮೀ. ಉದ್ದದ ಬ್ಲೂ ರಿಡ್ಜ್ ಪಾರ್ಕ್‌ವೇ ರಸ್ತೆಯ ಮೇಲೆ ಬಣ್ಣ ನೋಡಲೆಂದು ಬರುವ ಜನ ಆ ಊರುಗಳ ವರ್ಷದ ಲೆಕ್ಕವನ್ನು ತುಂಬುತ್ತಾರೆ. ಶಾರ್ಲೆಟ್, ರಾಲೆ ಕಡೆಗಳಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಿಗೂ ವಾರಾಂತ್ಯದಲ್ಲಿ ಕಾರು ಹತ್ತಿ ಹೋಗಿಬರುವ ಬೆಟ್ಟಗಳು ಅವೇ. ಹೆಲೀನ್ ಬಂದದ್ದು ಈ ಋತು ಆರಂಭವಾಗುವ ಹೊಸ್ತಿಲಲ್ಲಿ. ಪಾರ್ಕ್‌ವೇ ಇಡೀ ಉದ್ದಕ್ಕೂ ಮುಚ್ಚಿತು. ಪಶ್ಚಿಮ ನಾರ್ತ್ ಕೆರೊಲಿನಾದ ಎಲ್ಲ ರಸ್ತೆಗಳನ್ನೂ ಮುಚ್ಚಿವೆ ಎಂದೇ ತಿಳಿಯಬೇಕೆಂದು ರಾಜ್ಯದ ಸಾರಿಗೆ ಇಲಾಖೆ ಘೋಷಿಸಿತು.

ಆ ಘೋಷಣೆ ಸರಿಯಾಗಿತ್ತು. ರಸ್ತೆಯ ಮೇಲೆ ಒಂದು ಪ್ರವಾಸಿ ಕಾರು ನಿಂತರೆ ಒಂದು ಆ್ಯಂಬುಲೆನ್ಸ್ ತಡವಾಗುತ್ತದೆ. ಆದರೆ ‘ಬರಬೇಡಿ’ ಎಂಬ ಮಾತಿಗೆ ಇರುವ ಶಕ್ತಿ ‘ಈಗ ಬನ್ನಿ’ ಎಂಬ ಮಾತಿಗೆ ಇರುವುದಿಲ್ಲ ಎಂಬುದನ್ನು ನಾವು ಗಮನಿಸಬೇಕು. ಮೊದಲನೆಯದನ್ನು ಎಲ್ಲ ವಾಹಿನಿಗಳೂ ಬಿತ್ತರಿಸುತ್ತವೆ, ಎರಡನೆಯದನ್ನು ಊರಿನವರೇ ದುಡ್ಡು ಕೊಟ್ಟು ಹೇಳಿಸಬೇಕು. ಇಡೀ ಪ್ರದೇಶಕ್ಕೆ ಸೇರಿಸಿ ‘ಮುಚ್ಚಿದೆ’ ಎಂದಾಗ, ಹೆಚ್ಚೇನೂ ಹಾನಿಯಾಗದೆ ಉಳಿದ ಊರುಗಳೂ ಅದೇ ಪಟ್ಟಿಗೆ ಸೇರಿ ತಮ್ಮ ಅಕ್ಟೋಬರನ್ನು ಕಳೆದುಕೊಂಡವು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಜಿಲ್ಲಾಡಳಿತ ಪ್ರವಾಸಿಗರ ಪ್ರವೇಶವನ್ನು ಕೆಲಕಾಲ ನಿರ್ಬಂಧಿಸಿದ್ದು ನಮಗೆ ನೆನಪಿದೆ. ಜೋಡುಪಾಲ, ಮಕ್ಕಂದೂರು ಕಡೆಯ ಚಿತ್ರಗಳನ್ನು ನೋಡಿದವರಿಗೆ ಇಡೀ ಕೊಡಗೇ ಕುಸಿದಂತೆ ತೋರಿತ್ತು. ನನ್ನ ಅಭಿಪ್ರಾಯದಲ್ಲಿ ಇಂತಹ ಸೂಚನೆಗಳನ್ನು ಮೊದಲ ವಾರದ ನಂತರ ಊರೂರಿಗೆ, ರಸ್ತೆ ರಸ್ತೆಗೆ ಬಿಡಿಸಿ ಕೊಡುವುದೇ ಆಡಳಿತ ಮಾಡಬಹುದಾದ ಅತ್ಯಂತ ಅಗ್ಗದ ಪರಿಹಾರ ಕಾರ್ಯ.

ಇಲ್ಲಿ ಅರ್ಥಶಾಸ್ತ್ರದ ಒಂದು ಸರಳ ಅಂಶವಿದೆ. ಅಕ್ಕಿಯ ಮೂಟೆ ಇಂದು ಮಾರಾಟವಾಗದಿದ್ದರೆ ನಾಳೆ ಮಾರಬಹುದು. ಹೋಟೆಲಿನ ಕೊಠಡಿಯ ಇಂದಿನ ರಾತ್ರಿಯನ್ನು ನಾಳೆ ಮಾರಲಾಗದು. ಪ್ರವಾಸೋದ್ಯಮದ ನಷ್ಟ ಹೀಗೆ ದಿನದಿನಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಆಶ್‌ವಿಲ್ ಇರುವ ಬಂಕಂಬ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಪ್ರವಾಸಿಗರು ವರ್ಷಕ್ಕೆ ಸುಮಾರು 300 ಕೋಟಿ ಡಾಲರ್ ಖರ್ಚು ಮಾಡುತ್ತಿದ್ದರು. ಅಕ್ಟೋಬರಿನಲ್ಲಿ ಆ ಕೌಂಟಿಯ ನಿರುದ್ಯೋಗ ಪ್ರಮಾಣ ಶೇ 10ನ್ನು ದಾಟಿ ರಾಜ್ಯದಲ್ಲೇ ಅತಿ ಹೆಚ್ಚಾಯಿತು. ಕೆಲಸ ಕಳೆದುಕೊಂಡವರಲ್ಲಿ ತಟ್ಟೆ ತೊಳೆಯುವವರು, ಅಡುಗೆಯವರು, ಕೊಠಡಿ ಸ್ವಚ್ಛ ಮಾಡುವವರು, ವಾದ್ಯ ನುಡಿಸುವವರು ಇದ್ದರು. ಇವರು ಬಾಡಿಗೆ ಕಟ್ಟಲಾಗದೆ ಊರು ಬಿಟ್ಟರೆ, ಅತಿಥಿಗಳು ಮರಳಿದ ದಿನ ಅವರಿಗೆ ಊಟ ಬಡಿಸಲು ಕೈಗಳೇ ಇರುವುದಿಲ್ಲ. ಆಗಿನ ರಾಜ್ಯಪಾಲ ರಾಯ್ ಕೂಪರ್ ವಾರದ ನಿರುದ್ಯೋಗ ಭತ್ಯೆಯ ಗರಿಷ್ಠ ಮಿತಿಯನ್ನು 350 ಡಾಲರ್‌ನಿಂದ 600 ಡಾಲರ್‌ಗೆ ಏರಿಸಿದ್ದನ್ನು ಕೇವಲ ಕರುಣೆಯ ಕ್ರಮವೆಂದು ಓದಬಾರದು. ಅದು ಆ ಕೈಗಳನ್ನು ಊರಿನಲ್ಲೇ ಉಳಿಸಿಕೊಳ್ಳುವ ಕ್ರಮವೂ ಹೌದು.

ನೀರು: ಇಡೀ ಪ್ರಕರಣದ ಕೀಲಿ

ರಸ್ತೆಗಿಂತ, ವಿದ್ಯುತ್ತಿಗಿಂತ ಹೆಚ್ಚಾಗಿ ಆಶ್‌ವಿಲ್‌ನ ಚೇತರಿಕೆಯನ್ನು ತಡೆದು ಹಿಡಿದದ್ದು ಕುಡಿಯುವ ನೀರು. ಈ ಭಾಗವನ್ನು ನಿಧಾನವಾಗಿ ಓದುವುದು ಒಳ್ಳೆಯದು.

ನಗರದ ಬಹುಪಾಲು ನೀರು ಬರುವುದು ನಾರ್ತ್ ಫೋರ್ಕ್ ಜಲಾಶಯದಿಂದ. ಅಣೆಕಟ್ಟು ಉಳಿಯಿತು, ಆದರೆ ಅಲ್ಲಿಂದ ನಗರಕ್ಕೆ ಹೋಗುವ ದೊಡ್ಡ ಕೊಳವೆಗಳು ಕೊಚ್ಚಿಹೋದವು. 2004ರಲ್ಲಿ ಎರಡು ಚಂಡಮಾರುತಗಳ ಮಳೆಗೆ ಇದೇ ಕೊಳವೆಗಳು ಒಡೆದಿದ್ದರಿಂದ ನಗರಾಡಳಿತ ಪಾಠ ಕಲಿತು, ಸುಮಾರು 25 ಅಡಿ ಆಳದಲ್ಲಿ ಪರ್ಯಾಯ ಕೊಳವೆಯೊಂದನ್ನು ಹೂತಿಟ್ಟಿತ್ತು. ಹೆಲೀನ್ ಆ 25 ಅಡಿ ಮಣ್ಣನ್ನೂ ಅಗೆದು ಅದನ್ನೂ ಹೊತ್ತೊಯ್ದಿತು. ಹಿಂದಿನ ವಿಪತ್ತನ್ನು ಅಳತೆಯಾಗಿಟ್ಟುಕೊಂಡು ಕಟ್ಟಿದ ರಕ್ಷಣೆ ಮುಂದಿನದರ ಎದುರು ಹೇಗೆ ಸೋಲುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ಪರೀಕ್ಷೆಯ ಉತ್ತರದಲ್ಲಿ ಕೊಡುವುದು ಕಷ್ಟ.

ಅಕ್ಟೋಬರ್ ಮಧ್ಯದ ಹೊತ್ತಿಗೆ ಕೊಳವೆಗಳನ್ನು ಜೋಡಿಸಿದರೂ ಬಂದ ನೀರು ಕೆಸರಿನ ಬಣ್ಣದ್ದು. ಕುಸಿದ ಗುಡ್ಡಗಳ ನಯವಾದ ಜೇಡಿಮಣ್ಣು ಜಲಾಶಯದಲ್ಲಿ ತೇಲುತ್ತಾ ತಳಕ್ಕೆ ಇಳಿಯಲು ಒಪ್ಪಲಿಲ್ಲ. ಕಾಡಿನ ಸ್ವಚ್ಛ ನೀರಿಗಾಗಿ ಕಟ್ಟಿದ ಶುದ್ಧೀಕರಣ ಘಟಕಕ್ಕೆ ಅಷ್ಟು ಕೆಸರನ್ನು ಸೋಸುವ ಸಾಮರ್ಥ್ಯ ಇರಲಿಲ್ಲ. ಕೊನೆಗೆ ಜಲಾಶಯಕ್ಕೇ ಅಲ್ಯೂಮಿನಿಯಂ ಸಲ್ಫೇಟ್ ಹಾಕಿ, ಅಂದರೆ ದೊಡ್ಡ ಪ್ರಮಾಣದಲ್ಲಿ ನಾವು ಬಿಂದಿಗೆಯ ನೀರಿಗೆ ಪಟಿಕ ತಿರುಗಿಸುವ ಕೆಲಸವನ್ನೇ ಮಾಡಿ, ಕಣಗಳನ್ನು ಕೂಡಿಸಿ ಇಳಿಸಬೇಕಾಯಿತು. ನಲ್ಲಿಯ ನೀರು ಕುಡಿಯಲು ಯೋಗ್ಯ ಎಂಬ ಘೋಷಣೆ ಬಂದದ್ದು ನವೆಂಬರ್ 18ರಂದು, ಚಂಡಮಾರುತ ಬಂದು 53 ದಿನಗಳ ನಂತರ.

ಆ 53 ದಿನಗಳಲ್ಲಿ ಊಟದ ಹೋಟೆಲುಗಳು ನಡೆದ ರೀತಿಯನ್ನು ನೋಡಿದರೆ ನೀರೇ ಏಕೆ ಕೀಲಿ ಎಂಬುದು ತಿಳಿಯುತ್ತದೆ. ಟ್ಯಾಂಕರ್ ನೀರು ತರಿಸಿ, ಕಾಗದದ ತಟ್ಟೆಯಲ್ಲಿ ಬಡಿಸಿ, ತಿನಿಸುಗಳ ಪಟ್ಟಿಯನ್ನು ಮೊಟಕುಗೊಳಿಸಿ ಬಾಗಿಲು ತೆರೆದವರು ಇದ್ದರು. ಬಂಡವಾಳ ಇದ್ದ ಕೆಲವು ಹೋಟೆಲುಗಳು ತಾವೇ ಕೊಳವೆ ಬಾವಿ ಕೊರೆಸಿಕೊಂಡವು. ಹಾಗೆ ಕೊರೆಸಿಕೊಳ್ಳಲಾಗದ ಸಣ್ಣ ಅಂಗಡಿಗಳು ಕಾದವು, ಕಾಯಲಾಗದವು ಮುಚ್ಚಿದವು. ಒಂದೇ ವಿಪತ್ತು ಒಂದೇ ಬೀದಿಯಲ್ಲಿ ಎರಡು ವೇಗದ ಚೇತರಿಕೆಗಳನ್ನು ಹುಟ್ಟಿಸುವುದು ಹೀಗೆ. 1895ರಲ್ಲಿ ಸಿರಿವಂತ ಜಾರ್ಜ್ ವಾಂಡರ್‌ಬಿಲ್ಟ್ ಕಟ್ಟಿಸಿದ, ಈಗ ಪ್ರವಾಸಿ ತಾಣವಾಗಿರುವ ಬಿಲ್ಟ್‌ಮೋರ್ ಬಂಗಲೆ ಎತ್ತರದ ನೆಲದಲ್ಲಿದ್ದುದರಿಂದ ನವೆಂಬರ್ 2ರಂದೇ ಮತ್ತೆ ತೆರೆಯಿತು. ಅದರ ಹೆಬ್ಬಾಗಿಲ ಎದುರು ತಗ್ಗಿನಲ್ಲಿರುವ ಬಿಲ್ಟ್‌ಮೋರ್ ವಿಲೇಜಿನ ಅಂಗಡಿಗಳು, ಮತ್ತು ಫ್ರೆಂಚ್ ಬ್ರಾಡ್ ದಂಡೆಯ ಹಳೆಯ ಗೋದಾಮುಗಳಲ್ಲಿದ್ದ ರಿವರ್ ಆರ್ಟ್ಸ್ ಡಿಸ್ಟ್ರಿಕ್ಟ್‌ನ ಕಲಾವಿದರ ಕಾರ್ಯಾಗಾರಗಳು ಆಗಿನ್ನೂ ಕೆಸರನ್ನು ಹೊರಗೆ ಹಾಕುತ್ತಿದ್ದವು.

ಹಣ ಎಲ್ಲಿಂದ, ಯಾವ ರೂಪದಲ್ಲಿ

ರಾಜ್ಯ ಸರ್ಕಾರ ಅಂದಾಜಿಸಿದ ಒಟ್ಟು ನಷ್ಟ ಸುಮಾರು 5,960 ಕೋಟಿ ಡಾಲರ್. ಬೆಟ್ಟದ ಕೌಂಟಿಗಳಲ್ಲಿ ನೆರೆ ವಿಮೆ ಮಾಡಿಸಿದವರು ತೀರ ಕಡಿಮೆ, ಏಕೆಂದರೆ ಸಮುದ್ರದಿಂದ ಅಷ್ಟು ದೂರದಲ್ಲಿ ಅದು ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ವಿಮೆ ಇದ್ದವರಿಗೂ ಇನ್ನೊಂದು ತೊಡಕಿತ್ತು: ಸರ್ಕಾರಿ ನೆರೆ ವಿಮೆ ಕಟ್ಟಡಕ್ಕೂ ಸರಕಿಗೂ ಪರಿಹಾರ ಕೊಡುತ್ತದೆಯೇ ಹೊರತು ವ್ಯಾಪಾರ ನಿಂತುಹೋದ ದಿನಗಳ ಆದಾಯಕ್ಕೆ ಕೊಡುವುದಿಲ್ಲ. ಪ್ರವಾಸಿ ಊರಿಗೆ ಬಿದ್ದ ಪೆಟ್ಟು ಮುಖ್ಯವಾಗಿ ಆ ಎರಡನೆಯದು.

ಉಳಿದದ್ದು ಸಾಲ. ಕೇಂದ್ರ ಸರ್ಕಾರದ ಸಣ್ಣ ಉದ್ಯಮ ಆಡಳಿತದ ವಿಪತ್ತು ಸಾಲ ನಿಧಿ ಅಕ್ಟೋಬರ್ ಮಧ್ಯದಲ್ಲಿಯೇ ಬರಿದಾಗಿ, ಡಿಸೆಂಬರ್ ಕೊನೆಯ ಭಾಗದಲ್ಲಿ ಸಂಸತ್ತು ಹೊಸ ಹಣ ಮಂಜೂರು ಮಾಡುವವರೆಗೆ ಹೊಸ ಸಾಲಗಳು ನಿಂತವು. ಒಂದು ಋತು ಹೀಗೆಯೇ ಕಳೆಯಿತು. ಇದಲ್ಲದೆ, ಆದಾಯವೇ ಇಲ್ಲದವನಿಗೆ ಸಾಲ ಎಂದರೆ ಎಷ್ಟೇ ಕಡಿಮೆ ಬಡ್ಡಿಯದಾದರೂ ಮುಂದಿನ ವರ್ಷಗಳ ಮೇಲಿನ ಹೊರೆ. ಆದ್ದರಿಂದಲೇ ಸ್ಥಳೀಯ ದತ್ತಿ ಸಂಸ್ಥೆಗಳು ಕೊಟ್ಟ ಸಣ್ಣ ಮೊತ್ತದ ಅನುದಾನಗಳಿಗೆ ಅವುಗಳ ಗಾತ್ರಕ್ಕೆ ಮೀರಿದ ಬೆಲೆ ಬಂದಿತು. ಮನೆ ಮತ್ತು ಮೂಲಸೌಕರ್ಯಕ್ಕೆಂದು ಕೇಂದ್ರದ ವಸತಿ ಇಲಾಖೆ ಆಶ್‌ವಿಲ್ ನಗರಕ್ಕೆ 22.5 ಕೋಟಿ ಡಾಲರ್ ನಿಗದಿ ಮಾಡಿದ್ದು 2025ರ ಜನವರಿಯಲ್ಲಿ.

ಪ್ರವಾಸೋದ್ಯಮವನ್ನೇ ಓದುವವರು ಗಮನಿಸಬೇಕಾದ ಇನ್ನೊಂದು ಸಂಗತಿ ಕೊಠಡಿ ತೆರಿಗೆ. ಬಂಕಂಬ್ ಕೌಂಟಿಯಲ್ಲಿ ತಂಗುವ ಅತಿಥಿ ಕೊಠಡಿ ಬಾಡಿಗೆಯ ಮೇಲೆ ಶೇ 6 ತೆರಿಗೆ ಕೊಡುತ್ತಾನೆ, ಮತ್ತು ರಾಜ್ಯದ ಕಾನೂನಿನ ಪ್ರಕಾರ ಅದರ ಮೂರನೇ ಎರಡು ಭಾಗ ಊರಿನ ಪ್ರಚಾರಕ್ಕೇ ಹೋಗಬೇಕು. ಒಡೆದ ಕೊಳವೆಯ ಪಕ್ಕದಲ್ಲಿ ನಿಂತವನಿಗೆ ಇದು ಅಸಂಗತವಾಗಿ ಕಾಣುತ್ತದೆ. ‘ಈಗ ಬನ್ನಿ’ ಎಂದು ಹೇಳಲು ದುಡ್ಡು ಬೇಕೆಂದು ನಾನೇ ಮೇಲೆ ಬರೆದಿದ್ದೇನೆ, ಅದು ನಿಜವೇ. ಆದರೂ ವಿಪತ್ತಿನ ವರ್ಷದಲ್ಲಿ ಈ ಹಂಚಿಕೆಯನ್ನು ಬದಲಿಸಿ ಕೆಲಸಗಾರರ ಬಾಡಿಗೆಗೂ ನೀರಿನ ಕಾಮಗಾರಿಗೂ ಬಳಸಲು ಕಾನೂನಿನಲ್ಲಿಯೇ ಮೊದಲೇ ಅವಕಾಶ ಇರಬೇಕೆಂಬ ವಾದ ನನಗೆ ಹೆಚ್ಚು ಬಲವಾಗಿ ತೋರುತ್ತದೆ.

ಚಿಮ್ನಿ ರಾಕ್: ಸಣ್ಣ ಊರಿನ ಲೆಕ್ಕ

ಚಿಮ್ನಿ ರಾಕ್ ಗ್ರಾಮದ ಜನಸಂಖ್ಯೆ ಇನ್ನೂರಕ್ಕೂ ಕಡಿಮೆ. ಬಂಡೆಯ ತುದಿಯಿಂದ ಕಣಿವೆ ನೋಡಲು ಬರುವ ಪ್ರವಾಸಿಗರೇ ಅದರ ಜೀವನಾಧಾರ. ಬ್ರಾಡ್ ನದಿ ಅಲ್ಲಿ ತನ್ನ ಪಾತ್ರವನ್ನೇ ಬದಲಿಸಿ, ಒಂದೇ ಬೀದಿಯ ಆ ಊರಿನಲ್ಲಿ ನದಿಯ ಬದಿಯ ಅಂಗಡಿಗಳನ್ನು ಕಿತ್ತು, ಕೆಳಗಿನ ಲೇಕ್ ಲ್ಯೂರ್ ಸರೋವರಕ್ಕೆ ಮರ, ಮಣ್ಣು, ಮನೆಗಳ ಅವಶೇಷಗಳನ್ನು ತುಂಬಿತು. ಇಂತಹ ಊರಿಗೆ ಸ್ವಂತ ಎಂಜಿನಿಯರ್ ಇರುವುದಿಲ್ಲ, ಅರ್ಜಿ ತುಂಬುವ ಗುಮಾಸ್ತರೂ ಇರುವುದಿಲ್ಲ. ಮರುನಿರ್ಮಾಣದ ಮೊದಲ ತಿಂಗಳುಗಳಲ್ಲಿ ದೊಡ್ಡ ಪಾಲಿನ ಕೆಲಸವನ್ನು ಸ್ವಯಂಸೇವಕರು ಹೊತ್ತರು, ಅವರಲ್ಲಿ ಪೆನ್ಸಿಲ್ವೇನಿಯಾದಿಂದ ಬಂದ ಆಮಿಶ್ ಎಂಬ ಸಾಂಪ್ರದಾಯಿಕ ಕ್ರೈಸ್ತ ಸಮುದಾಯದ ಬಡಗಿಗಳೂ ಇದ್ದರು. ಸರೋವರವನ್ನು ತೆರವು ಮಾಡುವ ಕೆಲಸ ಸೇನೆಯ ಎಂಜಿನಿಯರ್ ದಳಕ್ಕೆ ಬಂದಿತು. ಉರುಳಿ ಬಿದ್ದ ಮರಗಳು ಒಣಗಿ 2025ರ ಮಾರ್ಚ್‌ನಲ್ಲಿ ಆ ಸೀಮೆಯ ಕಾಳ್ಗಿಚ್ಚಿಗೆ ಉರುವಲಾದದ್ದು ಯಾರೂ ಲೆಕ್ಕ ಹಾಕಿರದ ಎರಡನೇ ಪೆಟ್ಟು.

ಚಿಮ್ನಿ ರಾಕ್ ರಾಜ್ಯ ಉದ್ಯಾನ 2025ರ ಜೂನ್ 27ರಂದು ಮತ್ತೆ ತೆರೆಯಿತು. ಆದರೆ ಬಾಗಿಲು ತೆರೆದದ್ದು ಮುಂಗಡವಾಗಿ ಹೆಸರು ಕಾಯ್ದಿರಿಸಿದವರಿಗೆ ಮಾತ್ರ. ತಾತ್ಕಾಲಿಕ ಸೇತುವೆಯೂ ಅರ್ಧ ಕಟ್ಟಿದ ಬೀದಿಯೂ ತಡೆದುಕೊಳ್ಳುವಷ್ಟೇ ಜನ ಒಂದು ದಿನಕ್ಕೆ ಒಳಗೆ ಬರುವಂತೆ ಆ ಏರ್ಪಾಡು ನೋಡಿಕೊಂಡಿತು.