ಸ್ಟ್ರೋಕರ್ ಮಾಡ್ಸೋ ಮುಂಚೆ ಯಾವ ಘಟ್ಟದಲ್ಲಿ ಓಡಿಸ್ತೀರಿ ಹೇಳಿ

ಕುಮಟಾ, ಅಂಕೋಲಾ, ಯಲ್ಲಾಪುರ ಕಡೆಯಿಂದ ಹಳೇ ಹೋಂಡಾ ಸಿಟಿ, ಎಸ್ಟೀಮ್, ಜಿಪ್ಸಿ ಇಟ್ಕೊಂಡಿರೋ ಹುಡುಗ್ರು ಶಿರಸಿಗೆ ಬಂದು ಮೊದ್ಲು ಕೇಳೋದು ಒಂದೇ, "ಅಣ್ಣಾ, ಸ್ಟ್ರೋಕರ್ ಮಾಡ್ಸಿದ್ರೆ ಎಷ್ಟು ಸಿಸಿ ಆಗ್ತದೆ?" ಸಿಸಿ ಲೆಕ್ಕ ಎರಡು ನಿಮಿಷದ್ದು ಮಾರಾಯ್ರೆ, ಮೊಬೈಲಲ್ಲೇ ಆಗ್ತದೆ. ನಾನು ತಿರುಗಿ ಕೇಳೋದು ಬೇರೆ: ದಿನಾ ಎಲ್ಲಿ ಓಡಿಸ್ತೀಯಾ, ಎಂಜಿನ್ ಜಾಸ್ತಿ ಹೊತ್ತು ಎಷ್ಟು ಆರ್‌ಪಿಎಂನಲ್ಲಿ ಇರ್ತದೆ? ಇದಕ್ಕೆ ಉತ್ತರ ಸಿಗೋ ತನಕ ಕ್ರ್ಯಾಂಕಿನ ಮಾತು ಬೇಡ.

ಸ್ಟ್ರೋಕ್ ಅಂದ್ರೆ ಪಿಸ್ಟನ್ ಮೇಲಿಂದ ಕೆಳಗೆ ಓಡಾಡೋ ದೂರ. ಕ್ರ್ಯಾಂಕಿನ (ಪಿಸ್ಟನ್ನಿನ ಏರಿಳಿತವನ್ನ ತಿರುಗಾಟ ಮಾಡೋ ಶಾಫ್ಟು) ಪಿನ್ನು ನಡು ಗೆರೆಯಿಂದ ಎಷ್ಟು ದೂರ ಇದ್ಯೋ ಅದರ ಎರಡರಷ್ಟು. ಆ ದೂರ ಹೆಚ್ಚು ಮಾಡಿದ್ರೆ ಅದೇ ಬ್ಲಾಕಲ್ಲಿ ಸಿಸಿ ಹೆಚ್ಚಾಗ್ತದೆ, ಸ್ಟ್ರೋಕರ್ ಅಂದ್ರೆ ಇಷ್ಟೇ. ಅಮೆರಿಕದವ್ರು ವಿ8ಗಳಲ್ಲಿ ಇದನ್ನ ದಶಕಗಳಿಂದ ಮಾಡ್ತಿದಾರೆ. ಫೋರ್ಡ್ 302ರಲ್ಲಿ (ಅವರ ಈ ನಂಬರು ಸಿಸಿ ಅಲ್ಲ, ಘನ ಇಂಚು) ಸ್ಟ್ರೋಕ್ 76.2 ಎಂಎಂ, ಅದನ್ನ 86.4 ಮಾಡಿ ಬೋರು, ಅಂದ್ರೆ ಸಿಲಿಂಡರಿನ ಅಗಲ, ಚೂರು ತೆಗೆಸಿದ್ರೆ 347. ಷೆವಿ (ಷೆವ್ರೊಲೆ) 350ಕ್ಕೆ ಅದೇ ಕುಟುಂಬದ 400ರ ಕ್ರ್ಯಾಂಕು ತಂದು, ಅದು ಬ್ಲಾಕಲ್ಲಿ ಕೂರೋ ಮೇನ್ ಜರ್ನಲ್ ತೆಳ್ಳಗೆ ಗ್ರೈಂಡ್ ಮಾಡಿ ಕೂರ್ಸಿ, ಬೋರು ಚೂರು ತೆಗೆಸಿದ್ರೆ 383. ನಮ್ಮಲ್ಲಿ ವಿ8 ಎಲ್ಲಿಂದ ಬರ್ಬೇಕು, ಆದ್ರೆ ಪಾಠ ಅದೇ, ಮತ್ತೆ ನಮ್ಮ ಹಳೇ ಸಿಟಿಯಲ್ಲೇ ಅದು ಚೆನ್ನಾಗಿ ಕಾಣ್ತದೆ. ಹೋಂಡಾದ ಆ ಡಿ ಸೀರೀಸಲ್ಲಿ 1.3, 1.5, 1.6 ಮೂರಕ್ಕೂ ಬೋರು 75 ಎಂಎಂ. ಸ್ಟ್ರೋಕ್ ಮಾತ್ರ 76, 84.5, 90. ಸಿಸಿ 1343, 1493, 1590. ಅಂದ್ರೆ ಕಂಪನಿಯವ್ರೇ ಸ್ಟ್ರೋಕರ್ ಮಾಡಿ ಮಾರಿದ್ದು. ಬೋರು ತೆಗೆಸಿ ಸಿಸಿ ಹೆಚ್ಚು ಮಾಡ್ತೇನೆ ಅನ್ನೋರು ಒಂದು ಲೆಕ್ಕ ನೋಡ್ಕೊಳಿ, ಎಸ್ಟೀಮ್ 1.3ರ 74 ಎಂಎಂ ಬೋರನ್ನ 75 ಮಾಡಿದ್ರೆ ಸಿಗೋದು ಬರೀ 35 ಸಿಸಿ.

ಈಗ ಎಲ್ಲರೂ ಎಡವೋ ಜಾಗಕ್ಕೆ ಬರೋಣ. ಸ್ಟ್ರೋಕ್ ಹೆಚ್ಚಾದ್ರೆ ಪವರ್ ಅಷ್ಟೇ ಹೆಚ್ಚಾಗ್ತದೆ ಅನ್ನೋ ನಂಬಿಕೆ. ಆಗೋದಿಲ್ಲ. ಪವರ್ ಎಷ್ಟು ಅಂತ ತೀರ್ಮಾನ ಮಾಡೋದು ಹೆಡ್ಡು (ಸಿಲಿಂಡರಿನ ಮೇಲಿನ ಮುಚ್ಚಳ), ವಾಲ್ವು, ಕ್ಯಾಮು (ವಾಲ್ವು ತೆಗೆಯೋ ಶಾಫ್ಟು), ಅಂದ್ರೆ ಒಂದು ನಿಮಿಷಕ್ಕೆ ಎಷ್ಟು ಗಾಳಿ ಒಳಗೆ ಹೋಗ್ತದೆ ಅನ್ನೋದು. ಹೆಡ್ಡು ಮುಟ್ಟದೇ 1343 ಸಿಸಿಯನ್ನ 1590 ಮಾಡಿದ್ವಿ ಅಂದ್ಕೊಳಿ. ಮೊದ್ಲು 6000 ಆರ್‌ಪಿಎಂನಲ್ಲಿ ಆ ಹೆಡ್ಡು ಉಸಿರು ಕಟ್ತಿದ್ರೆ ಈಗ ಸುಮಾರು 5100ಕ್ಕೇ ಕಟ್ತದೆ. ಗಾಳಿ ಅಷ್ಟೇ, ಪವರೂ ಹೆಚ್ಚುಕಮ್ಮಿ ಅಷ್ಟೇ, ಆದ್ರೆ ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ (ತಿರುಗಿಸೋ ಬಲ) ಸುಮಾರು 18 ಪರ್ಸೆಂಟ್ ಜಾಸ್ತಿ. ಇದು ಲಾಭನೋ ನಷ್ಟನೋ ಅನ್ನೋದು ನಿಮ್ಮ ರೋಡಿನ ಮೇಲೆ. ದೇವಿಮನೆ ಘಟ್ಟ, ಅರಬೈಲ್ ಘಟ್ಟ, ಅಣಶಿ ಘಟ್ಟ, ಇಲ್ಲೆಲ್ಲ ಸೆಕೆಂಡು ಥರ್ಡು ಗೇರಲ್ಲಿ ಎರಡು ಸಾವಿರದಿಂದ ನಾಲ್ಕೂವರೆ ಸಾವಿರದ ಮಧ್ಯ ಓಡಿಸ್ತೇವೆ, ತಿರುವು ಬಂತು ಕಾಲು ತೆಗೆದ್ವಿ, ಮುಗೀತು ಮತ್ತೆ ಒತ್ತಿದ್ವಿ. ಇಂಥ ಕಡೆ ಟಾರ್ಕೇ ಬೇಕು, ಸ್ಟ್ರೋಕರ್ ಸರಿಯಾದ ಆಯ್ಕೆ. ಅದೂ ಅಲ್ದೆ ಶಿರಸಿ ಸಮುದ್ರಮಟ್ಟಕ್ಕಿಂತ ಸುಮಾರು 590 ಮೀಟರ್ ಮೇಲಿದೆ, ಕಾರವಾರದ ಹೋಲಿಕೆಗೆ ಗಾಳಿ ಆರು ಪರ್ಸೆಂಟ್‌ನಷ್ಟು ತೆಳು, ಟರ್ಬೋ ಇಲ್ಲದ ಎಂಜಿನ್ ಅಷ್ಟು ಪವರ್ ಇಲ್ಲೇ ಕಳ್ಕೊಳ್ತದೆ, ಅದನ್ನೂ ಸ್ಟ್ರೋಕ್ ತುಂಬಿಸಿ ಕೊಡ್ತದೆ. ಆದ್ರೆ ಕಾರವಾರದಲ್ಲಿದ್ದು ಹೈವೇ 66ರಲ್ಲಿ ಗೋವಾ ಕಡೆ ಎಂಜಿನ್ ಕಿರುಚಿಸ್ಕೊಂಡು ಹೋಗೋದೇ ಖುಷಿ ಅನ್ನೋರಿಗೆ ನಾನು ಸ್ಟ್ರೋಕರ್ ಬೇಡ ಅಂತೇನೆ, ಆ ದುಡ್ಡು ಹೆಡ್ಡಿಗೆ ಹಾಕಿ, ಕ್ಯಾಮಿಗೆ ಹಾಕಿ. ಸ್ಟ್ರೋಕ್ ಹೆಚ್ಚಿಸಿ ಹೆಡ್ಡು ಹಾಗೇ ಬಿಟ್ಟು ಆರ್‌ಪಿಎಂ ಏರ್ತಿಲ್ಲ ಅಂದ್ರೆ ಅದು ಹಂಡೆ ದೊಡ್ಡದು ತಂದು ನಲ್ಲಿ ಹಳೇದೇ ಇಟ್ಟಂಗೆ.

ಎಷ್ಟು ಸ್ಟ್ರೋಕ್ ಅನ್ನೋದು ಮುಂದಿನ ಪ್ರಶ್ನೆ, ಇಲ್ಲಿ ಬ್ಲಾಕಿನ ಎತ್ತರವೇ ಯಜಮಾನ. ಸ್ಟ್ರೋಕಿನ ಅರ್ಧ, ಕನೆಕ್ಟಿಂಗ್ ರಾಡಿನ ಉದ್ದ, ಪಿಸ್ಟನ್ನಿನಲ್ಲಿ ಪಿನ್ನಿಂದ ತಲೆ ತನಕ ಇರೋ ಎತ್ತರ, ಮೂರೂ ಕೂಡಿದ್ರೆ ಬ್ಲಾಕಿನ ಎತ್ತರಕ್ಕೆ ಹೊಂದ್ಬೇಕು. ಹೋಂಡಾ 1.5ರ ಬ್ಲಾಕ್ ಎತ್ತರ ಸುಮಾರು 207 ಎಂಎಂ, ರಾಡು 134. 1.6ರದ್ದು 212, ರಾಡು 137. ಈಗ 1.6ರ ಕ್ರ್ಯಾಂಕು ರಾಡು ಎರಡೂ ತಂದು 1.5ರ ಬ್ಲಾಕಿಗೆ ಹಾಕಿದ್ರೆ ಪಿಸ್ಟನ್ನಿಗೆ ಉಳಿಯೋದು 25 ಎಂಎಂ, ಇರ್ಬೇಕಾದ್ದು 30 ಚಿಲ್ಲರೆ. ಹಳೇ ಪಿಸ್ಟನ್ ಇಟ್ರೆ ಹೆಡ್ಡಿಗೆ ಹೊಡೀತದೆ. ಹೊಸಾ ಪಿಸ್ಟನ್ ಮಾಡ್ಸಿದ್ರೆ ಪಿನ್ನು ಮೇಲಕ್ಕೆ ಹೋಗ್ತದೆ, ಮೂರು ರಿಂಗಿಗೆ ಜಾಗ ಸಾಲೋದಿಲ್ಲ. 347ರ ಹಳೇ ಕಿಟ್‌ಗಳಲ್ಲಿ ಇದೇ ಆಗಿದ್ದು, ಪಿನ್ನಿನ ತೂತು ಆಯಿಲ್ ರಿಂಗ್ ಕೂರೋ ತೋಡಿನೊಳಗೇ ಬರ್ತಿತ್ತು, ಆಯಿಲ್ ಕುಡೀತದೆ ಅನ್ನೋ ಹೆಸರು ಅಂಟ್ಕೊಳ್ತು. ಆಮೇಲೆ ರಿಂಗಿಗೆ ಆಸರೆಯಾಗಿ ಸಪೋರ್ಟ್ ರೇಲ್ ಹಾಕಿ, ಪಿಸ್ಟನ್ ಡಿಸೈನ್ ಬದಲಿಸಿ ಸುಧಾರಿಸಿದ್ರು ಅನ್ನಿ. ಆದ್ರೂ ಅದೇ ಬ್ಲಾಕಲ್ಲಿ 82.55 ಎಂಎಂ ಸ್ಟ್ರೋಕಿನ 331 ಅಂತ ಒಂದಿದೆ, ರೋಡಲ್ಲಿ ಓಡಿಸೋ ಕಾರಿಗೆ ಯಾವ್ದು ಅಂತ ಕೇಳಿದ್ರೆ ನನ್ನ ಓಟು ಅದಕ್ಕೇ. ಬ್ಲಾಕಲ್ಲಿ ಹಿಡಿಯೋ ಅತಿ ದೊಡ್ಡ ಸ್ಟ್ರೋಕ್ ಹಾಕೋದು ಜಾಣತನ ಅಲ್ಲ, ಒಂದು ಮೆಟ್ಲು ಕೆಳಗೆ ನಿಂತ್ರೆ ರಿಂಗಿಗೂ ಸ್ಕರ್ಟಿಗೂ (ಪಿಸ್ಟನ್ನಿನ ಕೆಳಭಾಗ) ಜಾಗ ಉಳೀತದೆ.

ರಾಡ್ ರೇಶಿಯೋ, ಅಂದ್ರೆ ರಾಡಿನ ಉದ್ದ ಸ್ಟ್ರೋಕಿನ ಎಷ್ಟು ಪಟ್ಟು ಅನ್ನೋದರ ಬಗ್ಗೆ ಜನ ಜಗಳ ಆಡ್ತಾರೆ, ನಾ ಅದಕ್ಕೆ ಅಷ್ಟು ತಲೆ ಕೆಡಿಸ್ಕೊಳೋದಿಲ್ಲ. ಹೋಂಡಾ 1.6ರದ್ದು 1.52, ಪುಸ್ತಕದ ಲೆಕ್ಕದಲ್ಲಿ ಕೆಟ್ಟದ್ದೇ, ಆದ್ರೆ ಲಕ್ಷಗಟ್ಟಲೆ ಕಿಲೋಮೀಟರ್ ಓಡ್ತಾವೆ. ನಾ ನೋಡೋದು ಪಿಸ್ಟನ್ ಸ್ಪೀಡು. 76 ಎಂಎಂ ಸ್ಟ್ರೋಕ್ 7000 ಆರ್‌ಪಿಎಂನಲ್ಲಿ ಸರಾಸರಿ ಸೆಕೆಂಡಿಗೆ 17.7 ಮೀಟರ್, 84.5 ಆದ್ರೆ 19.7, 90 ಆದ್ರೆ 21. ಕಂಪನಿ ಪಿಸ್ಟನ್, ಕಂಪನಿ ರಾಡ್ ಬೋಲ್ಟ್ ಇಟ್ಕೊಂಡು ರೋಡಲ್ಲಿ ಓಡಿಸೋ ಗಾಡಿಯನ್ನ ನಾನು 20 ದಾಟಿಸೋದಿಲ್ಲ, ದಾಟಿಸ್ಬೇಕು ಅಂದ್ರೆ ಫೋರ್ಜ್ಡ್ ಪಿಸ್ಟನ್ನು, ಒಳ್ಳೇ ಬೋಲ್ಟು ತನ್ನಿ. ಎಂತಕ್ಕೆ ಅಂದ್ರೆ 90 ಎಂಎಂ ಸ್ಟ್ರೋಕಲ್ಲಿ 7000ಕ್ಕೆ ಪಿಸ್ಟನ್ ತುದಿಗೆ ಹೋಗಿ ತಿರುಗೋ ಕ್ಷಣದಲ್ಲಿ ಬೀಳೋ ಎಳೆತ ಗುರುತ್ವದ ಮೂರು ಸಾವಿರ ಪಟ್ಟು ಮೀರ್ತದೆ, 350 ಗ್ರಾಂ ಪಿಸ್ಟನ್ ಆದ್ರೆ ಸಾವಿರ ಕಿಲೋ ದಾಟಿದ ಭಾರ, ಅಷ್ಟನ್ನೂ ಹಿಡ್ಕೊಂಡಿರೋದು ಎರಡು ಸಣ್ಣ ಬೋಲ್ಟು.

ಕಂಪ್ರೆಶನ್ನು, ಅಂದ್ರೆ ಒಳಗಿನ ಗಾಳಿ ಎಷ್ಟು ಪಟ್ಟು ಒತ್ತಿ ಕುಗ್ತದೆ ಅನ್ನೋದು, ತಾನಾಗಿ ಏರ್ತದೆ, ಇದನ್ನ ಮರೀತಾರೆ. ಚೇಂಬರ್ ಅದೇ, ಸಿಸಿ ಜಾಸ್ತಿ. 1343ರಲ್ಲಿ 9 ಇದ್ದದ್ದು 1590 ಆದಾಗ 10.5ರ ಹತ್ರ ಹೋಗ್ತದೆ. ಘಟ್ಟದಲ್ಲಿ ಬೇಸಿಗೆ ಬಿಸಿಲಲ್ಲಿ ಸೆಕೆಂಡ್ ಗೇರಲ್ಲಿ ಪೂರ್ತಿ ಕಾಲು ಒತ್ತಿ ಹತ್ತೋವಾಗ ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿದು ಎಂಜಿನ್ ಟಕಟಕ ಅನ್ನೋದು) ಶುರು ಆಗೋದು ಇಂಥ ಕಡೆಯೇ. ತಲೆಯಲ್ಲಿ ತಗ್ಗು (ಡಿಶ್) ಇರೋ ಪಿಸ್ಟನ್ ತಗೊಂಡು 9.5ರ ಸುತ್ತ ಇಡಿ, ಸಾಕು. ಈಗ ಬಂಕಲ್ಲಿ ಬರೋದು ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್, ನಾಕಿಂಗ್ ತಡಿಯೋದಕ್ಕೆ ಎಥನಾಲ್ ಒಳ್ಳೇದೇ, ಆದ್ರೆ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಅನ್ನೋ ಹಳೇ ಲೆಕ್ಕ ಈಗ 13.5ರ ಹತ್ರ ಬರ್ತದೆ, ಅಂದ್ರೆ ಅದೇ ಗಾಳಿಗೆ ಪೆಟ್ರೋಲ್ ಜಾಸ್ತಿ ಬೇಕು. ಅದರ ಮೇಲೆ ಸಿಸಿ ಬೇರೆ ಹೆಚ್ಚು. ಹಳೇ ಇಂಜೆಕ್ಟರ್, ಇಸಿಯುವಿನ (ಎಂಜಿನ್ ಕಂಪ್ಯೂಟರು) ಹಳೇ ಮ್ಯಾಪಲ್ಲಿ ಬಿಟ್ರೆ ಲೀನ್ ಓಡಿ, ಅಂದ್ರೆ ಗಾಳಿಗೆ ಪೆಟ್ರೋಲ್ ಸಾಲದೆ, ಪಿಸ್ಟನ್ ತಲೆ ಸುಡ್ತದೆ. ಹಳೇ ರಬ್ಬರ್ ಪೈಪು, ಪಂಪು ಕೂಡ ನೋಡ್ಕೊಳಿ.

ಕ್ರ್ಯಾಂಕು ಎಲ್ಲಿಂದ? ಅದೇ ಕುಟುಂಬದ ದೊಡ್ಡ ಎಂಜಿನ್ನಿಂದು ಸಿಕ್ಕಿದ್ರೆ ಅದೇ ಬೆಸ್ಟು. ಆಫ್‌ಸೆಟ್ ಗ್ರೈಂಡಿಂಗ್ ಅಂತ ಒಂದಿದೆ, 45 ಎಂಎಂ ಪಿನ್ನನ್ನ ಒಂದು ಪಕ್ಕಕ್ಕೆ ಸರಿಸಿ 42 ಮಾಡಿದ್ರೆ ಪಿನ್ನು ಒಂದೂವರೆ ಎಂಎಂ ಸರೀತದೆ, ಸ್ಟ್ರೋಕ್ 3 ಎಂಎಂ ಸಿಗ್ತದೆ. ಆದ್ರೆ ಮೇಲಿನ ಗಟ್ಟಿ ಪದರ ಹೋಗ್ತದೆ, ಮತ್ತೆ ಗಟ್ಟಿ ಮಾಡೋದಕ್ಕೆ ನೈಟ್ರೈಡಿಂಗ್ ಮಾಡಿಸ್ಬೇಕು, ಸಣ್ಣ ಬೇರಿಂಗಿನ ರಾಡು ಹುಡುಕ್ಬೇಕು. 3 ಎಂಎಂಗೆ ಇಷ್ಟು ಗೋಳು ನಂಗಂತೂ ಬೇಡ.

ಎಸ್ಟೀಮ್, ಜಿಪ್ಸಿಯವ್ರಿಗೆ ನೇರವಾಗಿ ಹೇಳ್ತೇನೆ, 1.3ನ್ನ ಸ್ಟ್ರೋಕ್ ಮಾಡೋ ಬದಲು ಹಳೇ ಬಲೆನೋದ 1.6 ಪೂರ್ತಿ ಎಂಜಿನ್ ನೋಡಿ. ಬೋರು 75, ಸ್ಟ್ರೋಕು 90, ಬ್ಲಾಕೇ ಎತ್ತರ ಇರೋದ್ರಿಂದ ಮೇಲೆ ಹೇಳಿದ ಪಿಸ್ಟನ್ ತಾಪತ್ರಯ ಇಲ್ಲ, ಕಂಪನಿಯೇ ಬ್ಯಾಲೆನ್ಸ್ ಮಾಡಿ ಕೊಟ್ಟದ್ದು. ಬಾನೆಟ್ ಎತ್ತರ, ಮೌಂಟಿಂಗು ಅಳೆದು ನೋಡ್ಕೊಳಿ ಅಷ್ಟೇ. ಆದ್ರೆ ಏನೇ ಮಾಡಿ, ಕಾರವಾರದ ಕೆಎ-30 ಇರ್ಲಿ ಶಿರಸಿಯ ಕೆಎ-31 ಇರ್ಲಿ, ಕಾನೂನು ಒಂದೇ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರೋ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಿಸೋ ಹಾಗಿಲ್ಲ, 2019ರ ತಿದ್ದುಪಡಿ ಆದ್ಮೇಲೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ. ಹಾಗಾಗಿ ಎಂಜಿನ್ ತರೋ ಮುಂಚೆ ಆರ್‌ಟಿಓದಲ್ಲಿ ಕೇಳಿ, ಪರ್ಮಿಶನ್ ಸಿಗೋದಿಲ್ಲ ಅಂದ್ರೆ ಆ ಗಾಡಿ ಟ್ರ್ಯಾಕಿಗೆ ಮಾತ್ರ. ಇನ್ಶೂರೆನ್ಸ್ ಕಂಪನಿಗೆ ತಿಳಿಸದೇ ಮಾಡಿದ್ರೆ ಕ್ಲೈಮ್ ಟೈಮಲ್ಲಿ ಅವ್ರು ಕೈ ಎತ್ತೋದಕ್ಕೆ ಕಾರಣ ನೀವೇ ಬರೆದು ಕೊಟ್ಟಂಗೆ ಆಗ್ತದೆ.

ಮಶೀನ್ ಶಾಪ್ ಕೆಲ್ಸ ಹುಬ್ಬಳ್ಳಿಲಿ ಆಗ್ತದೆ. ಪಿಸ್ಟನ್ ಕೈಗೆ ಬಂದು ಅಳತೆ ತೆಗೆದ ಮೇಲೇ ಬೋರಿಂಗ್ ಮಾಡಿಸಿ, ಮೊದ್ಲೇ ಬೋರು ಹೊಡೆಸಿ ಆಮೇಲೆ ಪಿಸ್ಟನ್ ಹುಡುಕೋದು ತಲೆನೋವು. ಟಾರ್ಕ್ ಪ್ಲೇಟ್ (ಹೆಡ್ಡು ಬಿಗಿದಂಗೆ ಬ್ಲಾಕಿಗೆ ಬಿಗಿಯೋ ದಪ್ಪ ಪ್ಲೇಟು) ಹಾಕಿ ಹೋನಿಂಗ್ (ಬೋರಿನ ಒಳಮೈ ಉಜ್ಜೋದು) ಮಾಡ್ತಾರಾ ಅಂತ ಕೇಳಿ. ಕ್ರ್ಯಾಂಕು, ರಾಡು, ಪಿಸ್ಟನ್, ಫ್ಲೈವೀಲು, ಮುಂದಿನ ಪುಲ್ಲಿ ಎಲ್ಲಾ ಒಟ್ಟಿಗೆ ಬ್ಯಾಲೆನ್ಸಿಂಗಿಗೆ ಕೊಡಿ, ನಾಲ್ಕು ಸಿಲಿಂಡರಲ್ಲಿ ಸ್ಟ್ರೋಕ್ ಹೆಚ್ಚಾದಷ್ಟೂ ನಡುಕ ಹೆಚ್ಚು, ಇದ್ದದ್ದಕ್ಕೆ ಇನ್ನೊಂದು ಸೇರಿಸೋದು ಬೇಡ. ಬಸ್ ಪಾರ್ಸಲಲ್ಲಿ ಬ್ಲಾಕ್ ತರಿಸೋದಾದ್ರೆ ಆಯಿಲ್ ಬಳಿದು ಪ್ಲಾಸ್ಟಿಕ್ ಸುತ್ತಿ ಅಂತ ಹೇಳೇ ಕಳ್ಸಿ. ನಮ್ಮ ಆಷಾಢದ ಮಳೆಯಲ್ಲಿ, ಅದ್ರಲ್ಲೂ ಕಾರವಾರ ಅಂಕೋಲಾದ ಉಪ್ಪು ಗಾಳಿಲಿ, ಹೋನ್ ಮಾಡಿದ ಬೋರು ಒಂದೇ ರಾತ್ರಿಲಿ ಕೆಂಪಾಗಿ ತುಕ್ಕು ಹಿಡೀತದೆ. ಬಿಸಿನೀರು ಸೋಪು ಹಾಕಿ ಬ್ರಷ್ಷಲ್ಲಿ ತೊಳೆದು, ಬಿಳೀ ಬಟ್ಟೆ ಉಜ್ಜಿದ್ರೆ ಕಪ್ಪು ಬರ್ಬಾರ್ದು ಅಲ್ಲಿ ತನಕ ತೊಳೆದು, ಒರೆಸಿದ ಕೂಡ್ಲೇ ಆಯಿಲ್.

ಜೋಡಿಸೋವಾಗ ಕ್ರ್ಯಾಂಕ್ ಕೈಲಿ ನಿಧಾನ ಪೂರ್ತಿ ಸುತ್ತಿಸಿ ನೋಡಿ. ರಾಡ್ ಬೋಲ್ಟು ಬ್ಲಾಕಿನ ಅಂಚಿಗೆ, ಸಿಲಿಂಡರಿನ ಕೆಳತುದಿಗೆ, ಆಯಿಲ್ ಪಂಪಿಗೆ ಎಲ್ಲೂ ಒಂದೂವರೆ ಎಂಎಂಗಿಂತ ಹತ್ರ ಬರ್ಬಾರ್ದು, ಬಂದ್ರೆ ಬ್ಲಾಕ್ ಉಜ್ಜಿ ಜಾಗ ಮಾಡ್ಬೇಕು. ಎಂಜಿನ್ನಿನ ಕೆಳಗಿನ ಆಯಿಲ್ ಸಂಪಿನೊಳಗೆ ಬ್ಯಾಫಲ್ (ಆಯಿಲ್ ತಡೆಯೋ ತಗಡು) ಹಾಕ್ಸಿ, ದೇವಿಮನೆ ತಿರುವುಗಳಲ್ಲಿ ಆಯಿಲ್ ಒಂದು ಪಕ್ಕಕ್ಕೆ ಹೋಗಿ ಪಂಪು ಗಾಳಿ ಎಳೆದ್ರೆ ಬೇರಿಂಗ್ ಕಥೆ ಮುಗೀತು. ಕ್ಲಚ್ಚೂ ಈಗಲೇ ಬದಲಿಸಿ, 18 ಪರ್ಸೆಂಟ್ ಜಾಸ್ತಿ ಟಾರ್ಕ್ ಹಳೇ ಪ್ಲೇಟು ತಡ್ಕೊಳ್ಳೋದಿಲ್ಲ. ಕ್ರ್ಯಾಂಕಿಗೆ ಎಷ್ಟು ಖರ್ಚು ಮಾಡ್ತೀರೋ ಅಷ್ಟೇ ದುಡ್ಡು ಕ್ಲಚ್, ಇಂಜೆಕ್ಟರ್, ಮ್ಯಾಪಿಂಗ್, ರೇಡಿಯೇಟರಿಗೆ ಅಂತ ತೆಗೆದಿಡಿ, ಇಲ್ಲ ಅಂದ್ರೆ ಅರ್ಧ ಕೆಲ್ಸ ಆಗಿ ಗಾಡಿ ಶೆಡ್ಡಲ್ಲಿ ಕೂರ್ತದೆ, ಅಂಥ ಗಾಡಿಗಳು ಈ ಜಿಲ್ಲೆಲಿ ಬೇಕಾದಷ್ಟಿವೆ.

ರನ್ನಿಂಗ್-ಇನ್‌ಗೆ ಹೈವೇಲಿ ಒಂದೇ ಸ್ಪೀಡಲ್ಲಿ ಓಡಿಸ್ಬೇಡಿ. ನಮ್ಗೆ ಘಟ್ಟ ಇರೋದೇ ಅನುಕೂಲ, ಹತ್ತೋವಾಗ ಆಕ್ಸಿಲರೇಟರ್ ಅರ್ಧ ಒತ್ತಿ ಲೋಡು, ಇಳಿಯೋವಾಗ ಗೇರಲ್ಲೇ ಎಂಜಿನ್ ಬ್ರೇಕಿಂಗು, ರಿಂಗು ಚೆನ್ನಾಗಿ ಕೂರ್ತದೆ. 4000 ದಾಟಿಸ್ಬೇಡಿ. 500 ಕಿಲೋಮೀಟರಿಗೆ ಆಯಿಲ್ ಇಳಿಸಿ, ಫಿಲ್ಟರ್ ಕತ್ತರಿಸಿ ಒಳಗಿನ ಪೇಪರ್ ಬಿಡಿಸಿ ಬಿಸಿಲಿಗೆ ಹಿಡೀರಿ. ಮ್ಯಾಗ್ನೆಟ್‌ಗೆ ಅಂಟೋ ಸಣ್ಣ ಬೂದು ಪುಡಿ ಇದ್ರೆ ರಿಂಗು ಬೋರು ಉಜ್ಜಿದ್ದು, ಅದು ಮಾಮೂಲಿ. ಅಂಟದೇ ಇರೋ ಹೊಳೆಯೋ ಚೂರು ಅಥವಾ ತಾಮ್ರದ ಬಣ್ಣ ಕಂಡ್ರೆ ಬೇರಿಂಗಿಂದು, ಗಾಡಿ ಸ್ಟಾರ್ಟ್ ಮಾಡ್ಬೇಡಿ, ಟೋ ಮಾಡಿ ತನ್ನಿ, ಸಂಪು ಬಿಚ್ಚೋಣ.