ಬೀದಿಮಾತಿನ ಹುಟ್ಟೂರು

ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ಸೈನಿಕರ ಪತ್ರಗಳನ್ನು ಕನ್ನಡಕ್ಕೆ ತರುತ್ತಿದ್ದ ಕಿರಿಯ ಅನುವಾದಕಿಯೊಬ್ಬರು ಈಚೆಗೆ ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನೆದುರು ಕುಳಿತರು. ಗೆಳೆಯನ ಮೊಣಕಾಲಿಗೆ ಗುಂಡು ತಗುಲಿದೆ, ಅವನಿಗೆ ‘ಬ್ಲೈಟಿ’ ಸಿಕ್ಕಿದೆ, ಪುಣ್ಯವಂತ ಎಂದು ಸೈನಿಕ ಬರೆದಿದ್ದ. ಗುಂಡು ತಿಂದವನು ಪುಣ್ಯವಂತ ಹೇಗಾದಾನು ಎಂಬುದು ಅವರ ಪ್ರಶ್ನೆ.

‘ಬ್ಲೈಟಿ’ ಎಂದರೆ ನಮ್ಮ ವಿಲಾಯಿತಿಯೇ. ಅರಬ್ಬಿಯ ‘ವಿಲಾಯತ್’ ಹಿಂದೂಸ್ತಾನಿಗೆ ಬಂದು, ‘ವಿಲಾಯತಿ’, ‘ಬಿಲಾಯತಿ’ ಎಂದಾಗಿ, ಪರದೇಶದ್ದು, ಅದರಲ್ಲೂ ಇಂಗ್ಲೆಂಡಿನದು ಎಂಬ ಅರ್ಥ ಪಡೆಯಿತು. ಕನ್ನಡದಲ್ಲಿ ಸೀಮೆಎಣ್ಣೆ, ಸೀಮೆಸುಣ್ಣಗಳ ‘ಸೀಮೆ’ ಮಾಡುವ ಕೆಲಸ ಇದೇ. ಭಾರತದಲ್ಲಿದ್ದ ಬ್ರಿಟಿಷ್ ಸಿಪಾಯಿಗಳು ಅದನ್ನು ಕಿವಿಗೆ ಬಿದ್ದಂತೆ ಹಿಡಿದು ತಮ್ಮ ತಾಯ್ನಾಡಿಗೇ ಹೆಸರಾಗಿಸಿಕೊಂಡರು. 1914-18ರ ಕಂದಕಗಳಲ್ಲಿ, ಜೀವ ತೆಗೆಯದ, ಆದರೆ ಊರಿಗೆ ಕಳಿಸಲೇಬೇಕಾದಂಥ ಗಾಯಕ್ಕೂ ಅದೇ ಹೆಸರು ಬಂತು. ‘ಮನೆ ಸೇರಿಸುವ ಗಾಯ’ ಎಂದು ಬರೆಯಿರಿ ಎಂದೆ.

ಸ್ಲ್ಯಾಂಗ್ ಪದದ ಮೂಲ ಹುಡುಕುವುದು ಅನುವಾದಕರಿಗೆ ಕಾಲಹರಣದ ಕೆಲಸವಲ್ಲ. ಆ ಪದವನ್ನು ಯಾರು, ಎಲ್ಲಿ, ಯಾವ ಸ್ಥಿತಿಯಲ್ಲಿ ಆಡಿದರು ಎಂಬುದು ತಿಳಿಯದೆ ಅದರ ದನಿ ಕೈಗೆ ಸಿಗುವುದಿಲ್ಲ. ಮೂಲ ನಮ್ಮ ನೆಲದ್ದೇ ಆದಾಗ ಎಚ್ಚರ ಇನ್ನಷ್ಟು ಬೇಕು. ಇಂಗ್ಲಿಷಿನ ‘ಕುಷಿ’ ಎಂಬ ಪದ ನಮ್ಮ ‘ಖುಷಿ’ಯಿಂದ ಹೋದದ್ದೆಂದು ತಿಳಿದಿದ್ದ ನಾನು, ಬಹಳ ಹಿಂದೆ, ‘ಕುಷಿ ಕೆಲಸ’ ಎಂಬುದನ್ನು ‘ಖುಷಿ ಕೊಡುವ ಕೆಲಸ’ ಎಂದು ಅನುವಾದಿಸಿ ಅಚ್ಚಿಗೂ ಕಳಿಸಿದ್ದೆ. ಅದು ತಪ್ಪು. ಸಿಪಾಯಿಯ ಬಾಯಲ್ಲಿ ಅದು ಮೈಮುರಿದು ದುಡಿಯಬೇಕಿಲ್ಲದ, ಆರಾಮದ ಕೆಲಸ.

ಇಂಥ ಪದಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ‘ಡೂಲಾಲಿ’. ಬುದ್ಧಿ ಸ್ಥಿಮಿತ ತಪ್ಪಿದವರನ್ನು ಬ್ರಿಟನ್ನಿನಲ್ಲಿ ಇಂದಿಗೂ ಹೀಗೆ ಅನ್ನುವುದುಂಟು. ಇದು ನಾಸಿಕದ ಬಳಿಯ ದೇವಳಾಲಿ ಎಂಬ ದಂಡುಪ್ರದೇಶದ ಹೆಸರು. ಸೇವೆಯ ಅವಧಿ ಮುಗಿದ ಸೈನಿಕರು ಅಲ್ಲಿಗೆ ಬಂದು ಊರಿಗೆ ಹೋಗುವ ಹಡಗಿಗಾಗಿ ಕಾಯುತ್ತಿದ್ದರು. ಸೈನ್ಯದ ಹಡಗುಗಳು ಹೊರಡುತ್ತಿದ್ದುದು ತಂಪಿನ ತಿಂಗಳುಗಳಲ್ಲಿ ಮಾತ್ರ. ಬೇಸಿಗೆಗೆ ಅವಧಿ ಮುಗಿದವನು ಕೆಲಸವಿಲ್ಲದೆ, ಬಿಸಿಲಲ್ಲಿ, ತಿಂಗಳುಗಟ್ಟಲೆ ದಿನ ಎಣಿಸಬೇಕಿತ್ತು. ಕುಡಿತ, ಕಾಯಿಲೆ, ಬೇಸರಗಳಲ್ಲಿ ಕೆಲವರ ಮನಸ್ಸು ಕೆಡುತ್ತಿತ್ತು. ಸೈನಿಕರು ಅದನ್ನು ‘ಡೂಲಾಲಿ ಟ್ಯಾಪ್’ ಎಂದರು. ಆ ‘ಟ್ಯಾಪ್’ ಜ್ವರ ಎಂಬರ್ಥದ, ನಮ್ಮ ತಾಪವನ್ನು ನೆನಪಿಸುವ ಪದ. ಇದನ್ನು ‘ಹುಚ್ಚ’ ಎಂದು ಬರೆದು ಮುಂದೆ ಹೋಗಲು ನನ್ನ ಕೈ ಏಳುವುದಿಲ್ಲ.

ಮೂಲದ ಹೆಸರಿನಲ್ಲಿ ಓಡಾಡುವ ಕಟ್ಟುಕಥೆಗಳೂ ಬೇಕಾದಷ್ಟಿವೆ. ಭಾರತಕ್ಕೆ ಬರುವ ಹಡಗಿನಲ್ಲಿ ಎಡಬದಿಯ, ಮರಳುವಾಗ ಬಲಬದಿಯ ತಂಪು ಕೋಣೆಗಳನ್ನು ಸಿರಿವಂತರು ಕಾದಿರಿಸುತ್ತಿದ್ದರೆಂದೂ, ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬ ಆ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿ, ಸಿರಿವಂತಿಕೆಯ ಠೀವಿಯುಳ್ಳ ಎಂಬರ್ಥದ ‘ಪಾಶ್’ ಆಯಿತೆಂದೂ ಹೇಳುವುದನ್ನು ನೀವು ಕೇಳಿರಬಹುದು. ಹಾಗೆ ಮುದ್ರೆಯೊತ್ತಿದ ಒಂದು ಟಿಕೆಟ್ಟೂ ಈವರೆಗೆ ಸಿಕ್ಕಿಲ್ಲ. ಈ ಕಥೆ ಅಚ್ಚಿನಲ್ಲಿ ಕಾಣಿಸಿಕೊಂಡದ್ದು ಪದ ಬಳಕೆಗೆ ಬಂದು ವರ್ಷಗಳೇ ಕಳೆದ ಮೇಲೆ, 1930ರ ದಶಕದಲ್ಲಿ. ಆಸ್ಟ್ರೇಲಿಯನ್ನರು ಇಂಗ್ಲಿಷರನ್ನು ಕರೆಯುವ ‘ಪಾಮ್’ ಕೂಡ ‘ಇಂಗ್ಲೆಂಡಿನ ಕೈದಿ’ ಎಂಬುದರ ಹ್ರಸ್ವರೂಪವಲ್ಲ. ವಲಸಿಗ ಎಂಬರ್ಥದ ‘ಇಮಿಗ್ರಂಟ್’ಗೆ ಪ್ರಾಸವಾಗಿ ‘ಪಾಮಿಗ್ರನೇಟ್’, ಅಂದರೆ ದಾಳಿಂಬೆ ಎಂದು ಕರೆದು, ಅದನ್ನೇ ಮೊಟಕುಗೊಳಿಸಿದ್ದು. 1912ರ ಬರಹಗಳಲ್ಲಿಯೇ ಅದಕ್ಕೆ ಆಧಾರವಿದೆ. ಮೊದಲಕ್ಷರಗಳ ಕಥೆ ಎಷ್ಟು ಅಚ್ಚುಕಟ್ಟಾಗಿರುತ್ತದೋ ಅಷ್ಟು ಅನುಮಾನಿಸಬೇಕು ಎಂಬುದು ನನ್ನ ಅನುಭವ.

ಆಸ್ಟ್ರೇಲಿಯದ ಬೀದಿಮಾತಿಗೆ ಅನುವಾದಕರ ನಂಟು ಮೊದಲಿನಿಂದಲೂ ಇದೆ. 1788ರಲ್ಲಿ ಸಿಡ್ನಿಗೆ ಬಂದಿಳಿದ ಕೈದಿಗಳ ಕಳ್ಳಭಾಷೆ ಅಧಿಕಾರಿಗಳಿಗೆ ಅರ್ಥವಾಗದೆ, ನ್ಯಾಯಾಲಯದಲ್ಲಿ ಇಂಗ್ಲಿಷಿನಿಂದ ಇಂಗ್ಲಿಷಿಗೇ ದುಭಾಷಿ ಬೇಕಾಗುತ್ತಿತ್ತೆಂದು ವಾಟ್ಕಿನ್ ಟೆಂಚ್ ಎಂಬ ಅಧಿಕಾರಿ 1793ರಲ್ಲಿ ಬರೆದಿದ್ದಾನೆ. 1812ರಲ್ಲಿ ಜೇಮ್ಸ್ ಹಾರ್ಡಿ ವಾಕ್ಸ್ ಎಂಬ ಕೈದಿಯೇ ಆ ಮಾತುಗಳ ಪದಕೋಶ ಸಿದ್ಧಪಡಿಸಿದ. ಕಳ್ಳರ ಬಾಯಲ್ಲಿ ಗಂಟು, ಕದ್ದ ಮಾಲು ಎಂಬ ಅರ್ಥವಿದ್ದ ‘ಸ್ವ್ಯಾಗ್’, ಮುಂದೆ ಊರೂರು ಅಲೆದು ಕೂಲಿ ಮಾಡುವವನ ಹಾಸಿಗೆಸುರುಳಿಯ ಹೆಸರಾಗಿ ಮರ್ಯಾದೆಯ ಪದವಾಯಿತು.

ಎಲ್ಲ ಪದಗಳೂ ಹಡಗಿನಲ್ಲಿ ಬಂದವಲ್ಲ. ಮೈಬಗ್ಗಿಸಿ ಮಾಡುವ ದುಡಿಮೆಗೆ ಅಲ್ಲಿ ‘ಹಾರ್ಡ್ ಯಾಕ’ ಎನ್ನುತ್ತಾರೆ. ‘ಯಾಕ’ ಎಂಬುದು ಬ್ರಿಸ್ಬೇನ್ ಪ್ರದೇಶದ ಮೂಲನಿವಾಸಿಗಳ ಯಗರ ನುಡಿಯಲ್ಲಿ ‘ಕೆಲಸ’ ಎಂಬರ್ಥದ ಪದದಿಂದ ಬಂದದ್ದು. ಕಾಡಿನಲ್ಲಿ ದೂರದವರನ್ನು ಕೂಗಿ ಕರೆಯುವ ‘ಕೂಯಿ’ ಸಿಡ್ನಿಯ ಧರುಗ್ ಜನರದು. ವಸಾಹತು ಈ ಜನರ ನೆಲವನ್ನು ಕಸಿದುಕೊಂಡಿತು. ಅವರ ಪದಗಳು ಮಾತ್ರ ‘ಆಸ್ಟ್ರೇಲಿಯನ್ ಸ್ಲ್ಯಾಂಗ್’ ಎಂಬ ಹಣೆಪಟ್ಟಿಯಡಿ ಉಳಿದಿವೆ. ಆದ್ದರಿಂದ ಅಡಿಟಿಪ್ಪಣಿಗೆ ಜಾಗ ಕೇಳಿ ಪಡೆದಾದರೂ ಸರಿ, ‘ಯಾಕ’ ಬಂದಲ್ಲೆಲ್ಲ ಯಗರ ನುಡಿಯ ಹೆಸರನ್ನು ನಾನು ಬರೆಯುತ್ತೇನೆ.