ವಿಸಿಟ್ ವೀಸಾದಲ್ಲಿ ಮನೆಗೆಲಸಕ್ಕೆ ಹೋಗಬಹುದಾ?

ಪ್ರಶ್ನೆ: ನಮ್ಮ ಅಕ್ಕನಿಗೆ 34 ವರ್ಷ. ಎಂಟನೇ ಕ್ಲಾಸ್‌ವರೆಗೆ ಓದಿದ್ದಾಳೆ. ಕುವೈತ್‌ನಲ್ಲಿ ಮನೆಗೆಲಸ ಕೊಡಿಸ್ತೀನಿ, ಮೊದಲು ವಿಸಿಟ್ ವೀಸಾದಲ್ಲಿ ದುಬೈಗೆ ಹೋಗಲಿ, ಅಲ್ಲಿಂದ ಕಳಿಸ್ತೀನಿ ಅಂತ ಏಜೆಂಟ್ ಹೇಳ್ತಿದ್ದಾನೆ. ಕಳಿಸಬಹುದಾ?

ಉತ್ತರ: ಬೇಡ, ದಯವಿಟ್ಟು ಕಳಿಸಬೇಡಿ. ಹೊರಗೆ ಹೋಗಿ ನಾಲ್ಕು ಕಾಸು ದುಡಿಯಬೇಕು ಅನ್ನುವ ಅಕ್ಕನ ಆಸೆ ನ್ಯಾಯವಾದದ್ದೇ. ಆದರೆ ಈ ದಾರಿಯಲ್ಲಿ ಹೋದರೆ ಕಷ್ಟ ಬಂದಾಗ ಅವರ ಬೆನ್ನಿಗೆ ಒಂದು ಕಾಗದವೂ ಇರುವುದಿಲ್ಲ.

ಹತ್ತನೇ ಕ್ಲಾಸ್ ಪಾಸಾಗದವರಿಗೆ ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್, ಅಂದರೆ ವಲಸೆ ತಪಾಸಣೆ ಬೇಕಾದ) ಪಾಸ್‌ಪೋರ್ಟ್ ಕೊಡುತ್ತಾರೆ. ಅದರಲ್ಲಿ ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಹೊರಡಲು ಅನುಮತಿ ಬೇಕು. 30 ತುಂಬದ ಹೆಂಗಸರಿಗೆ ಮನೆಗೆಲಸಕ್ಕೆ ಅದು ಸಿಗುವುದಿಲ್ಲ. ಅಕ್ಕನಿಗೆ ಆ ತೊಡಕಿಲ್ಲ. ಆದರೆ 2016ರಿಂದ ಇಸಿಆರ್ ಪಾಸ್‌ಪೋರ್ಟ್‌ನಲ್ಲಿ ಮನೆಗೆಲಸಕ್ಕೆ ಹೋಗುವ ಹೆಂಗಸರ ನೇಮಕವನ್ನು ಸರ್ಕಾರಿ ಏಜೆನ್ಸಿಗಳಿಗೆ ವಹಿಸಲಾಗಿದೆ. ಆ ತಪಾಸಣೆಯಿಂದ ನುಣುಚಿಕೊಳ್ಳಲೆಂದೇ ವಿಸಿಟ್ ವೀಸಾ ಮಾಡಿಸುತ್ತಾರೆ. ಟೂರಿಸ್ಟ್ ಅಂತ ಹೊರಟವರ ಸಂಬಳ, ಕರಾರು, ಮಾಲೀಕರ ವಿಳಾಸ ಯಾವುದೂ ಕೆಲಸಕ್ಕೆ ಹೊರಗೆ ಹೋಗುವವರ ವಿವರ ಇಡುವ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ದಾಖಲಾಗಿರುವುದಿಲ್ಲ. ಕ್ಲಿಯರೆನ್ಸ್ ಜೊತೆ ಬರುವ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಕೈತಪ್ಪುತ್ತದೆ.

ಕುವೈತ್‌ನಲ್ಲಿ ಮನೆಗೆಲಸದವರಿಗೆಂದೇ 2015ರ ಕಾನೂನು ಇದೆ. ದಿನಕ್ಕೆ 12 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ. ವಾರಕ್ಕೊಂದು ರಜೆ ಕೊಡಬೇಕು, ವರ್ಷಕ್ಕೆ 30 ದಿನ ಸಂಬಳದ ರಜೆ ಕೊಡಬೇಕು. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವಂತಿಲ್ಲ. ಓದಲು ಚೆನ್ನಾಗಿದೆ. ಆದರೆ ಮುಚ್ಚಿದ ಬಾಗಿಲ ಹಿಂದೆ ಏನು ನಡೆಯುತ್ತದೆ ಅಂತ ನೋಡುವವರು ಯಾರು? ವೀಸಾ ಇರುವುದೇ ಮಾಲೀಕರ ಹೆಸರಿನ ಮೇಲೆ. ಹಿಂಸೆ ತಾಳಲಾರದೆ ಮನೆ ಬಿಟ್ಟರೆ ‘ಓಡಿಹೋದಳು’ ಅಂತ ಅವರೇ ದೂರು ಕೊಡುತ್ತಾರೆ. ನೊಂದವಳೇ ಅಪರಾಧಿ ಆಗುವುದು ಘೋರ ಅನ್ಯಾಯ ಅಲ್ವಾ? ಆಗ ‘ನಾನು ಈ ಮನೆಗೆ, ಇಷ್ಟು ಸಂಬಳಕ್ಕೆ ಬಂದವಳು’ ಅಂತ ತೋರಿಸಲು ಕರಾರುಪತ್ರ ಬೇಕೇ ಬೇಕು.

ಹಾಗಾಗಿ ಸರಿಯಾದ ದಾರಿಯಲ್ಲೇ, ಅಂದರೆ ಸರ್ಕಾರಿ ಏಜೆನ್ಸಿಯ ಮೂಲಕ ಕ್ಲಿಯರೆನ್ಸ್ ಪಡೆದೇ ಹೋಗಲಿ. ಪಾಸ್‌ಪೋರ್ಟ್, ವೀಸಾ, ಕರಾರುಪತ್ರದ ಫೋಟೋ ಊರಿನಲ್ಲಿ ನಿಮ್ಮ ಫೋನಿನಲ್ಲೂ ಇರಲಿ. ಮಾಲೀಕರ ಫೋನ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.

ನಿಮಗೆ ಗೊತ್ತಿರುವವರು ಯಾರಾದರೂ ಈಗಾಗಲೇ ಅಲ್ಲಿ ಕಷ್ಟದಲ್ಲಿ ಸಿಕ್ಕಿಬಿದ್ದಿದ್ದರೆ, ವೀಸಾ ಯಾವುದೇ ಇದ್ದರೂ ಹೆದರಿ ಸುಮ್ನೆ ಕೂರಬೇಡಿ. ಅವರು ನೇರವಾಗಿ ಭಾರತದ ರಾಯಭಾರ ಕಚೇರಿಗೆ ಹೋಗಲಿ. ಇನ್ನೊಂದು ಮನೆಯಲ್ಲಿ ಕದ್ದು ಕೆಲಸಕ್ಕೆ ಸೇರಿದರೆ ತೊಂದರೆ ಇನ್ನೂ ಹೆಚ್ಚುತ್ತದೆ. ಇಲ್ಲಿಂದ ನೀವೂ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ವಿದೇಶದಲ್ಲಿ ದುಡಿಯುವ ಭಾರತೀಯರಿಗೆ ನೆರವಾಗುವ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಟೋಲ್-ಫ್ರೀ ನಂಬರ್ 1800 11 3090.